ಮೂರು ವಾರದ ಅಲ್ಪವಿರಾಮ

ಮಾರ್ಚ್ 3, ಸೋಮವಾರ

ಗಂಟಲು ಡಾಕ್ಟರು ಮೂಗಿನೊಳಗಿಂದ ಒಂದು ಸಪೂರ ಕ್ಯಾಮೆರಾ ಇಳಿಸಿ ನನ್ನ ಗಂಟಲನ್ನು ನನಗೇ ಪರದೆಯ ಮೇಲೆ ತೋರಿಸಿದರು. ಸ್ವರತಂತುಗಳ ಮೇಲೆ ಎದುರುಬದುರಾಗಿ ಎರಡು ಗಂಟು. ಅವರ ವಿಡಿಯೊ ಅರ್ಧ ಸೆಕೆಂಡು ತಡವಾಗಿ ಓಡುತ್ತಿತ್ತು. ಕಾರಣ ಏನೆಂದು ಹೇಳೋಣವೆಂದುಕೊಂಡೆ, ಆದರೆ ಗಂಟಲಲ್ಲಿ ಕ್ಯಾಮೆರಾ ಇತ್ತು.

"ಏನು ಕೆಲಸ ನಿಮ್ಮದು?" ಎಂದರು.

"ವೆಬ್‌ಸೈಟ್ ಮಾಡ್ತಾರೆ," ಎಂದಳು ಹೆಂಡತಿ.

"ಅದಕ್ಕೆ ಗಂಟಲು ಯಾಕೆ ಬೇಕು?"

"ತಿಂಗಳಿಗೊಂದ್ಸಲ ವೆಬ್‌ಸೈಟ್ ಮಾಡೋರದ್ದೆಲ್ಲ ಒಂದು ಕೂಟ ನಡೆಸ್ತಾರೆ ಡಾಕ್ಟ್ರೇ. ಎಂಟು ವರ್ಷದಿಂದ. ಅಲ್ಲಿ ಬೇರೆ ಯಾರಾದ್ರೂ ಮಾತಾಡ್ತಾರಾ ಅನ್ನೋದು ನನಗೂ ಅನುಮಾನ."

ತೀರ್ಪು ಬಂತು. ಮೂರು ವಾರ ಒಂದಕ್ಷರ ಆಡುವಂತಿಲ್ಲ. ಪಿಸುಮಾತು ಇನ್ನೂ ಕೆಟ್ಟದ್ದಂತೆ. ಗಂಟು ಕರಗಿದರೆ ಸರಿ, ಇಲ್ಲದಿದ್ದರೆ ಕತ್ತರಿ. "ಕತ್ತರಿ ಹಾಕಿದ ಮೇಲೆ ಇದೇ ದನಿ ಉಳಿಯುತ್ತೆ ಅಂತ ನಾನು ಬರೆದುಕೊಡಲ್ಲ. ಪೂರ್ಣವಿರಾಮ ಅಂದ್ಕೊಂಡು ಹೆದರ್ಬೇಡಿ. ಅಲ್ಪವಿರಾಮ, ಅಷ್ಟೇ," ಎಂದು ಅವರೇ ನಕ್ಕರು.

ನಾನು ಹೆದರಿದ್ದು ಕತ್ತರಿಗಲ್ಲ. ಮಾರ್ಚ್ 22ಕ್ಕೆ ನಮ್ಮ ಕೂಟದ ನೂರನೇ ಸಭೆ. ವೆಬ್‌ನಲ್ಲಿ ಸದ್ದು ಮತ್ತು ವಿಡಿಯೊ ಅಂದಿನಿಂದ ಇಂದಿನವರೆಗೆ ಹೇಗೆ ಬದಲಾದವು ಎಂಬ ವಿಷಯದ ಮೇಲೆ ಮುಖ್ಯ ಭಾಷಣ ನನ್ನದು. ಲೆಕ್ಕ ಹಾಕಿದರೆ ಅದು ಮೌನದ ಇಪ್ಪತ್ತನೇ ದಿನ.

ಎಲ್ಲಾದರೂ ಹೇಳಿಕೊಳ್ಳಲೇಬೇಕಲ್ಲ, ಅದಕ್ಕೆ ಈ ಡೈರಿ. ಒಬ್ಬ ಗಿರಾಕಿ ಕೊಟ್ಟದ್ದು, ಪುಟಪುಟಕ್ಕೂ ನೀರಿನ ಪಂಪಿನ ಚಿತ್ರವಿದೆ.

ಮಾರ್ಚ್ 4, ಮಂಗಳವಾರ

ತುಟಿ ಪಿಟಕ್ಕೆನ್ನಲಿಲ್ಲ. ಹೆಂಡತಿ ಬೆಳಗ್ಗೆಯಿಂದ ಹಾಡು ಗುನುಗುತ್ತಿದ್ದಾಳೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಇವಳು ಹಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಮೌನವನ್ನು ಹಬ್ಬದಂತೆ ಆಚರಿಸುತ್ತಿರುವುದು ಸ್ಪಷ್ಟ.

ಮಾರ್ಚ್ 6, ಗುರುವಾರ

ಬಾಯಿಗೆ ಬೀಗ ಬಿದ್ದ ಸುದ್ದಿಯನ್ನು ಕೂಟದ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಐದು ನಿಮಿಷದಲ್ಲಿ ಹದಿನೇಳು ಜನ ಕೈಮುಗಿಯುವ ಚಿತ್ರ ಕಳಿಸಿದರು. ಅದು ಪ್ರಾರ್ಥನೆಯೋ ಕೃತಜ್ಞತೆಯೋ ತಿಳಿಯಲಿಲ್ಲ.

ಆಮೇಲೆ ನನ್ನ ಭಾಮೈದ, ಎಂದರೆ ಹೆಂಡತಿಯ ತಮ್ಮ, ಕೂಟದಲ್ಲಿ ಅವನೂ ಒಬ್ಬ, ಒಂದು ಎಡವಟ್ಟು ಮಾಡಿದ. ನನ್ನನ್ನು ಬಿಟ್ಟು ಮಾಡಿಕೊಂಡಿರುವ ಇನ್ನೊಂದು ಗುಂಪಿಗೆ ಕಳಿಸಬೇಕಾದ್ದನ್ನು ಇಲ್ಲಿಗೇ ಕಳಿಸಿದ. "ಆಟೋಪ್ಲೇ ಮ್ಯೂಟ್ ಆಗಿದೆ. ನೂರನೇ ಸಭೆ ಭಾಷಣ ನಾನೇ ಮಾಡ್ತೀನಿ." ತಕ್ಷಣ ಅಳಿಸಿದ. ಅಷ್ಟರಲ್ಲಿ ಓದಿಯಾಗಿತ್ತು.

ಹೀಗೆ ನನ್ನ ಅಡ್ಡಹೆಸರು ಆಟೋಪ್ಲೇ ಎಂದು ಇಂದು ತಿಳಿಯಿತು. ಪುಟ ತೆರೆದ ಕೂಡಲೇ ಯಾರೂ ಒತ್ತದೆ ತಾನೇ ಓಡಲು ಶುರುಮಾಡುವ ವಿಡಿಯೊಗೆ ಆ ಹೆಸರು. ಯಾರೂ ತಳ್ಳಬೇಕಾಗಿಲ್ಲ, ಸ್ವಂತ ಉತ್ಸಾಹದಿಂದ ಮುನ್ನುಗ್ಗುವವನು ಎಂದರ್ಥ. ಮೆಚ್ಚುಗೆಯೇ ಅನ್ನಬೇಕು.

ಆದರೂ ಭಾಷಣ ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ. ಎಂಟು ವರ್ಷ ಕುರ್ಚಿ ಜೋಡಿಸಿದವನು ನಾನು. ಕೂಟ ಸೇರುವ ಕನ್ನಡಕದಂಗಡಿ ಮೇಲಿನ ಕೋಣೆಯ ಪ್ರೊಜೆಕ್ಟರಿನ ಕೆಳಗೆ ಎಷ್ಟು ಮಡಿಕೆಯ ಕಾಗದ ಇಟ್ಟರೆ ಚಿತ್ರ ನೆಟ್ಟಗೆ ಬೀಳುತ್ತದೆಂದು ಗೊತ್ತಿರುವವನು ನಾನೊಬ್ಬನೇ.

ಮಾರ್ಚ್ 8, ಶನಿವಾರ

ಹೆಂಡತಿ ಅಳಿಸಿ ಬರೆಯುವ ಬಿಳಿ ಸ್ಲೇಟು ತಂದುಕೊಟ್ಟಳು. ಅದರಿಂದ ಅನಿರೀಕ್ಷಿತ ಲಾಭವಾದದ್ದು ಅತ್ತೆಗೆ. ನಮ್ಮ ಜೊತೆಯಲ್ಲೇ ಇರುವ ಅತ್ತೆಗೆ ಕಿವಿ ಮುಕ್ಕಾಲು ಹೋಗಿ ಇಪ್ಪತ್ತು ವರ್ಷವಾಯಿತು. ಕಿವಿಯ ಯಂತ್ರ ಸದಾ ಡಬ್ಬಿಯಲ್ಲೇ ಇರುತ್ತದೆ. ಹಾಕಿಕೊಂಡರೆ ಕುಯ್ ಎನ್ನುತ್ತದಂತೆ.

ಇಂದು ಚಹಾ ಹೊತ್ತಿಗೆ ಸ್ಲೇಟಿನಲ್ಲಿ ಆಟೋಪ್ಲೇ ಎಂದರೇನು ಎಂದು ಬರೆದು ವಿವರಿಸಿದೆ. ಅವರು ಓದಿ, ಕನ್ನಡಕ ಸರಿಮಾಡಿಕೊಂಡು, ಮತ್ತೆ ಓದಿದರು. "ನಿಲ್ಲಿಸೋಕೆ ಗುಂಡಿ ಇರುತ್ತಾ ಅದಕ್ಕೆ?"

ಇರುತ್ತದೆ ಎಂದು ಬರೆದೆ. ಈಗಿನ ಬ್ರೌಸರ್‌ಗಳು ಸದ್ದಿಲ್ಲದೆ ಓಡುವ ವಿಡಿಯೊಗೆ ಮಾತ್ರ ಅನುಮತಿ ಕೊಡುತ್ತವೆ, ನೋಡುವವರು ಮುಟ್ಟಿದ ಮೇಲಷ್ಟೇ ಸದ್ದು ಎಂದೂ ಬರೆದೆ. ಅತ್ತೆ ಕೆಮ್ಮು ಬರುವಷ್ಟು ನಕ್ಕರು. ಬೆನ್ನು ತಟ್ಟಬೇಕಾಯಿತು.

ಸುಧಾರಿಸಿಕೊಂಡು ಅವರು ಹೇಳಿದ್ದು ಇದು: "ಅಳಿಯಂದ್ರೇ, ಇಷ್ಟು ವರ್ಷ ನೀವೇನು ಮಾತಾಡ್ತಿದ್ರಿ ಅಂತ ನನಗೆ ಗೊತ್ತೇ ಆಗ್ಲಿಲ್ಲ. ಮಗಳದ್ದು, ಮಗನದ್ದು ತುಟಿ ನೋಡಿ ತಿಳ್ಕೋತೀನಿ. ನಿಮ್ಮದು ಮೀಸೆ ಅಡ್ಡ. ಏನೋ ಒಳ್ಳೇದೇ ಹೇಳ್ತಿರ್ಬೇಕು ಅಂತ ತಲೆ ಆಡಿಸ್ತಿದ್ದೆ."

ಮೀಸೆ ಕಾಲೇಜಿನಿಂದ ಬಂದದ್ದು. ಅದರ ವಿಷಯಕ್ಕೆ ಯಾರೂ ಬರುವಂತಿಲ್ಲ. ಸ್ಲೇಟಿನಲ್ಲಿ ಹಾಗೆಯೇ ಬರೆದೆ, ದಪ್ಪ ಅಕ್ಷರದಲ್ಲಿ.

ಮಾರ್ಚ್ 11, ಮಂಗಳವಾರ

ಒಂದು ತಮಾಷೆಯ ಪುಟ ಮಾಡಿದ್ದೇನೆ. ಹಳೆಯ ಸಭೆಗಳ ಧ್ವನಿಮುದ್ರಣದಿಂದ ನನ್ನ ಮಾತಿನ ತುಣುಕು ಕತ್ತರಿಸಿ ಒಂದೊಂದಕ್ಕೂ ಗುಂಡಿ ಇಟ್ಟೆ. "ಹೌದು", "ಇಲ್ಲ", "ಅದು ನನಗೆ ಮೊದಲೇ ಗೊತ್ತಿತ್ತು". ಮನೆಗೆ ಬಂದ ಕೊರಿಯರ್‌ನವನ ಎದುರು ಫೋನ್ ಹಿಡಿದು ಮೂರನೆಯದನ್ನು ಒತ್ತಿದೆ. ಅವನು ಸಹಿ ಕೂಡ ಹಾಕಿಸಿಕೊಳ್ಳದೆ ಹೋದ. ಹೆಂಡತಿ ಫೋನ್ ಮಾಡಿದಾಗ "ಇಲ್ಲ" ಒತ್ತಲು ಹೋಗಿ ಕೈತಪ್ಪಿ "ಹೌದು" ಒತ್ತಿದೆ. ಭಾನುವಾರ ಬೀರು ಸರಿಸುವ ಕೆಲಸ ನನ್ನ ಪಾಲಿಗೆ ಬಂತು.

ತುಣುಕು ಹುಡುಕುವಾಗ ಒಂದು ವಿಚಿತ್ರ ಕಂಡಿತು. ನಮ್ಮ ಕೂಟದಲ್ಲಿ ಕಿಟಕಿಯ ಪಕ್ಕದ ಮೂಲೆ ಕುರ್ಚಿಯಲ್ಲಿ ಸದಾ ಕೂರುವ ಒಬ್ಬ ಹೆಂಗಸು ಇದ್ದಾರೆ. ಹೊಲಿಗೆ ಯಂತ್ರದ ಕಾರ್ಖಾನೆಗೆ ತರಬೇತಿ ವಿಡಿಯೊ ಪುಟಗಳನ್ನು ಮಾಡುವವರು. ಮಿತಭಾಷಿ ಎಂದು ನಾನು ಎಲ್ಲರಿಗೂ ಅವರನ್ನು ಪರಿಚಯಿಸುತ್ತಿದ್ದೆ. ಮುದ್ರಣ ಕೇಳಿದರೆ ಅವರು ಪ್ರತಿ ಸಭೆಯಲ್ಲೂ ಬಾಯಿ ತೆರೆದಿದ್ದಾರೆ. ನಾಲ್ಕೈದು ಪದ ಆದ ಕೂಡಲೇ ಒಂದು ಗಂಡಸಿನ ದನಿ, "ಅಂದ್ರೆ ನೀವು ಹೇಳೋದು ಏನಂದ್ರೆ..." ಎಂದು ಅಡ್ಡಬಾಯಿ ಹಾಕುತ್ತದೆ. ದನಿ ಚೆನ್ನಾಗಿದೆ, ಸ್ಪಷ್ಟವಾಗಿದೆ. ನನ್ನದೇ.

ಎರಡು ವರ್ಷದ ಹಿಂದಿನ ಒಂದು ಸಭೆಯಲ್ಲಿ ವಿಡಿಯೊ ಕೆಳಗೆ ಬರುವ ಅಕ್ಷರದ ಸಾಲುಗಳ ವಿಷಯ ನಡೆದಿತ್ತು. ಅವರು, "ಆ ಸಾಲುಗಳಿಗೆ ಸಮಯ ಬರೀತೀವಲ್ಲ ಸರ್, ಅಲ್ಲಿ ಸೆಕೆಂಡ್ ಆದ ಮೇಲೆ ನೀವು..." ಎನ್ನುತ್ತಾರೆ. ನಾನು, "ಅಂದ್ರೆ ನೀವು ಹೇಳೋದು ಏನಂದ್ರೆ, ಸಬ್‌ಟೈಟಲ್ ತುಂಬಾ ಮುಖ್ಯ ಅಂತ!" ಎನ್ನುತ್ತೇನೆ. ಚಪ್ಪಾಳೆ.

ಸೆಕೆಂಡ್ ಆದ ಮೇಲೆ ಏನು? ಮೂರು ಸಲ ಹಿಂದೆ ಹೋಗಿ ಕೇಳಿದೆ. ಚಪ್ಪಾಳೆಯೇ ಬರುತ್ತದೆ.

ಮಾರ್ಚ್ 12, ಬುಧವಾರ

ಸುಮ್ಮನೆ ಕುತೂಹಲಕ್ಕೆ ಎಣಿಸಿದೆ. ಅವರಿಗೆ ನಾನು ಅಡ್ಡಬಾಯಿ ಹಾಕಿದ್ದು ನಲವತ್ತೊಂದು ಸಲ. ಆರಂಭದ ಸಭೆಗಳ ಮುದ್ರಣ ಸಿಗಲಿಲ್ಲ, ಪುಣ್ಯ.

ಮಾರ್ಚ್ 15, ಶನಿವಾರ

ಇಂದು ಅತ್ತೆ ನಮ್ಮ ಮದುವೆಯ ವಿಡಿಯೊ ಹಾಕಿಸಿಕೊಂಡು ಕೂತರು. ಅದರಲ್ಲಿ ಒಂದು ಕಡೆ ತೀರಿಹೋದ ಮಾವ ಕ್ಯಾಮೆರಾ ನೋಡಿ ಏನೋ ಹೇಳುತ್ತಾರೆ, ಸುತ್ತ ಇದ್ದವರೆಲ್ಲ ನಗುತ್ತಾರೆ. ಆ ಹೊತ್ತಿಗೆ ಅತ್ತೆ ಒಳಗೆಲ್ಲೋ ಇದ್ದರು. ವಿಡಿಯೊ ಕೈಗೆ ಬಂದು ಕೂತು ನೋಡುವ ಪುರುಸೊತ್ತಾಗುವಷ್ಟರಲ್ಲಿ ಕಿವಿ ಮಂದವಾಗಿತ್ತು. "ಅಲ್ಲಿ ಏನಂತಾರೆ ಇವರು?" ಎಂದು ನನ್ನನ್ನು ಕೇಳಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದರು. ಅಥವಾ ಮೊದಲೂ ಕೇಳಿದ್ದರೋ ಏನೋ, ನಾನು ಮಾತಾಡುತ್ತಿದ್ದಿರಬೇಕು.

ಮಧ್ಯಾಹ್ನವಿಡೀ ಕೂತು ಆ ನಾಲ್ಕು ನಿಮಿಷಕ್ಕೆ ಸಬ್‌ಟೈಟಲ್ ಬರೆದೆ. ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ ಯಾವ ಸಾಲು ಎಂದು ಒಂದು ಕಡತದಲ್ಲಿ ಬರೆದು, ಪೆನ್‌ಡ್ರೈವ್‌ನಲ್ಲಿ ಟೀವಿಗೆ ಚುಚ್ಚಿದರೆ ಮುಗಿಯಿತು. ಮಾವ ಹೇಳುವುದು ಇಷ್ಟು: "ಹುಡುಗನ ಮೀಸೆ ನೋಡಿ, ಗಂಭೀರ, ಕಡಿಮೆ ಮಾತಿನವನು ಅಂದ್ಕೊಂಡು ಒಪ್ಪಿದೆ. ಈಗ ಎರಡು ಗಂಟೆಯಿಂದ ಕೇಳ್ತಿದೀನಿ. ಮದುವೆ ಆಗಿಹೋಯ್ತಲ್ಲ, ಏನ್ ಮಾಡೋದು."

ನಾನೇ ಬರೆಯಬೇಕಾಯಿತು ಅದನ್ನು. ಒಂದು ಸಾಲು ಬಿಟ್ಟುಬಿಡೋಣವೆನ್ನಿಸಿದ್ದು ನಿಜ. ಬಿಡಲಿಲ್ಲ.

ಅತ್ತೆ ಓದಿದರು. ನಕ್ಕರು. ಮತ್ತೆ ಹಾಕಿಸಿಕೊಂಡರು. ನಾಲ್ಕನೇ ಸಲ ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಐದನೇ ಸಲಕ್ಕೆ ರಿಮೋಟ್ ಒತ್ತಿದೆ.

ಮಾರ್ಚ್ 19, ಬುಧವಾರ

ಭಾಷಣಕ್ಕೆ ಉಪಾಯ ಹೊಳೆದದ್ದು ಆ ಮದುವೆ ವಿಡಿಯೊದಿಂದಲೇ. ನನ್ನ ಭಾಷಣವೇ ಒಂದು ಮೂಕ ವಿಡಿಯೊ. ಹನ್ನೆರಡು ನಿಮಿಷ. ನಾನು ಕ್ಯಾಮೆರಾ ಮುಂದೆ ದನಿ ಹೊರಡಿಸದೆ ತುಟಿ ಆಡಿಸುತ್ತೇನೆ, ಕೈ ಬೀಸುತ್ತೇನೆ, ಮಾತೆಲ್ಲ ಕೆಳಗೆ ಅಕ್ಷರದಲ್ಲಿ ಬರುತ್ತದೆ. ಒಂದು ಕಾಲದಲ್ಲಿ ಒಂದು ವಿಡಿಯೊ ನೋಡಲು ಪ್ಲಗಿನ್ ಎಂಬ ಏನೇನೋ ಬಿಡಿ ತಂತ್ರಾಂಶ ತುಂಬಿಸಿಕೊಳ್ಳಬೇಕಿತ್ತು, ಪುಟ ತೆರೆದರೆ ಎಲ್ಲಿಂದಲೋ ಸಂಗೀತ ಕಿರುಚುತ್ತಿತ್ತು. ಈಗ ಬ್ರೌಸರೇ ವಿಡಿಯೊ ಓಡಿಸುತ್ತದೆ, ಬಹಳ ಜನ ಬಸ್ಸಿನಲ್ಲಿ, ಆಫೀಸಿನಲ್ಲಿ ಸದ್ದು ತೆಗೆದೇ ನೋಡುತ್ತಾರೆ. ಹಾಗಾಗಿ ಅಕ್ಷರವೇ ಈಗಿನ ದನಿ. ಇದು ಭಾಷಣದ ಸಾರ. ಮೂಕನಾದವನು ಹೇಳಿದರೆ ಅದರ ಗತ್ತೇ ಬೇರೆ.

ಸಬ್‌ಟೈಟಲ್ ಕಡತ ಮನೆಯ ಟೀವಿಯಲ್ಲಿ ಚೆನ್ನಾಗಿ ಓಡಿತು. ಅತ್ತೆ ಪೂರ್ತಿ ನೋಡಿ, "ವಾಕ್ಯ ಉದ್ದ. ಓದೋಷ್ಟರಲ್ಲಿ ಮುಂದಿನದು ಬರುತ್ತೆ," ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ವೆಬ್ ಪುಟಕ್ಕೆ ಬೇಕಾದ ಹಾಗೆ ಅದೇ ಕಡತದ ಹೆಸರು ಬದಲಾಯಿಸಿ, ಮೇಲೊಂದು ಸಾಲು ಸೇರಿಸಿದೆ. ಎರಡು ಸೆಕೆಂಡಿನ ಕೆಲಸ. ಇದನ್ನೂ ಪರೀಕ್ಷೆ ಮಾಡುತ್ತ ಕೂರುವಷ್ಟು ಹೊಸಬ ನಾನಲ್ಲ.

ಭಾಮೈದ ಸಂದೇಶ ಕಳಿಸಿದ: "ಭಾವ, ಏನಾದ್ರೂ ಕೈಕೊಟ್ರೆ ಇರಲಿ ಅಂತ ನಂದೂ ಒಂದು ಭಾಷಣ ರೆಡಿ ಇಟ್ಕೊಂಡಿದೀನಿ." ಅವನ ಕಾಳಜಿಗೆ ಗುಂಡಿ ಸಂಖ್ಯೆ ಮೂರನ್ನು ಕಳಿಸಿದೆ, "ಅದು ನನಗೆ ಮೊದಲೇ ಗೊತ್ತಿತ್ತು".

ಮಾರ್ಚ್ 21, ಶುಕ್ರವಾರ

ನಾಳೆ. ಅತ್ತೆಯೂ ಬರುತ್ತಾರಂತೆ. "ನೀವು ಮಾತಾಡದೇ ಇರೋ ಸಭೆ, ನನಗೆ ನಷ್ಟ ಏನಿಲ್ಲ," ಎಂದರು.

ಮಾರ್ಚ್ 22, ಶನಿವಾರ

ನಗಬೇಕೋ ಅವಮಾನಪಡಬೇಕೋ ಇನ್ನೂ ತೀರ್ಮಾನವಾಗಿಲ್ಲ.

ಮೂವತ್ತೊಂದು ಜನ ಬಂದಿದ್ದರು. ಕೆಳಗಿನ ಕನ್ನಡಕದಂಗಡಿಯಿಂದ ನಾಲ್ಕು ಸ್ಟೂಲು ತರಿಸಬೇಕಾಯಿತು. ಮುಂದಿನ ಸಾಲಿನಲ್ಲಿ ಅತ್ತೆ, ಹೆಂಡತಿ. ಕಿಟಕಿಯ ಮೂಲೆಯಲ್ಲಿ ಮೂಲೆ ಕುರ್ಚಿಯವರು. ಪ್ರೊಜೆಕ್ಟರಿನ ಕೆಳಗೆ ಕಾಗದ ಮಡಿಸಿಟ್ಟೆ, ಪುಟ ತೆರೆದೆ, ವಿಡಿಯೊ ತಾನೇ ಓಡಲು ಶುರುವಾಯಿತು.

ಗೋಡೆಯ ಮೇಲೆ ಆಳೆತ್ತರದ ನಾನು. ತುಟಿ ಆಡುತ್ತಿದೆ, ಕೈ ಬೀಸುತ್ತಿದೆ. ಕೆಳಗೆ ಒಂದಕ್ಷರವೂ ಇಲ್ಲ.

ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಪುಟವನ್ನು ಮತ್ತೆ ತೆರೆದೆ. ಅದೇ ಮೂಕ ಮೀಸೆ. ಜನ ಏನೋ ಆಳವಾದ ಅರ್ಥವಿದೆಯೆಂದು ಗಂಭೀರವಾಗಿ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬರು ಟಿಪ್ಪಣಿ ಕೂಡ ಬರೆದುಕೊಂಡರು. ಎರಡು ನಿಮಿಷವಾದ ಮೇಲೆ ಭಾಮೈದ ಚಪ್ಪಾಳೆ ಶುರುಮಾಡಿದ. ಅದು ನಿಲ್ಲುತ್ತಿದ್ದಂತೆ ಅತ್ತೆ, ತಮ್ಮ ದನಿ ಎಷ್ಟು ಜೋರೆಂದು ಅವರಿಗೆ ಗೊತ್ತಾಗುವುದಿಲ್ಲ, ಕೋಣೆಗೆಲ್ಲ ಕೇಳುವಂತೆ ಹೇಳಿದರು: "ಮೀಸೆ ಬಿಟ್ರೆ ಏನೂ ಕಾಣಿಸ್ತಿಲ್ಲ."

ಕೋಣೆ ಗೊಳ್ಳೆಂದಿತು. ನನ್ನ ಪಿತ್ತ ನೆತ್ತಿಗೇರಿತು. ಬಾಯಿ ತೆರೆದೂ ಬಿಟ್ಟೆ. ಉಸಿರು ಎಳೆದುಕೊಂಡಿದ್ದೆ, ಮೊದಲ ಪದ ನಾಲಿಗೆಯ ಮೇಲಿತ್ತು. ಹೆಂಡತಿ ಎದ್ದು ನಿಂತಳು. ತನ್ನ ಗಂಟಲ ಮೇಲೆ ಎರಡು ಬೆರಳಿಟ್ಟುಕೊಂಡಳು. ಅವಳ ಮುಖದಲ್ಲಿ ಹೆದರಿಕೆ ಇತ್ತು. ಈ ಇಪ್ಪತ್ತು ದಿನ ಅವಳು ಹಾಡಿದ್ದು ಹೆದರಿಕೆ ಮುಚ್ಚಿಕೊಳ್ಳುವುದಕ್ಕೋ ಏನೋ ಎಂದು ಆಗ ಹೊಳೆಯಿತು. ಬಾಯಿ ಮುಚ್ಚಿದೆ.

ಅಷ್ಟರಲ್ಲಿ ಮೂಲೆಯಿಂದ, "ಸರ್, ಸೆಕೆಂಡ್ ಆದ ಮೇಲೆ ನೀವು..." ಎಂದು ಬಂತು. ಅಲ್ಲಿಗೆ ನಿಂತಿತು.

ಅಭ್ಯಾಸ. ನಾನು ಅಡ್ಡಬಾಯಿ ಹಾಕಲೆಂದು ಅವರು ಕಾಯುತ್ತಿದ್ದರು. ಮೂವತ್ತೊಂದು ಜನವೂ ನನ್ನನ್ನೇ ನೋಡುತ್ತ ಕಾಯುತ್ತಿದ್ದರು. ನಾನು ಸ್ಲೇಟು ತೆಗೆದು ಒಂದೇ ಪದ ಬರೆದು ಎತ್ತಿ ಹಿಡಿದೆ: "ಮುಂದೆ?"

ಅವರು ಸ್ಲೇಟನ್ನು ಎರಡು ಸಲ ಓದಿದರು. "ಸೆಕೆಂಡ್ ಆದ ಮೇಲೆ ನೀವು ಅಲ್ಪವಿರಾಮ ಹಾಕಿದೀರಿ ಅನ್ಸುತ್ತೆ ಸರ್. ಟೀವಿ ಕಡತದಲ್ಲಿ ಸೆಕೆಂಡಿಗೂ ಅದರ ಭಾಗಕ್ಕೂ ಮಧ್ಯೆ ಅಲ್ಪವಿರಾಮ ಇರುತ್ತೆ, ವೆಬ್‌ನಲ್ಲಿ ಚುಕ್ಕಿ ಬೇಕು. ಇಲ್ದಿದ್ರೆ ಬ್ರೌಸರ್ ಆ ಸಾಲನ್ನ ಎತ್ತಿ ಪಕ್ಕಕ್ಕಿಡುತ್ತೆ, ತಪ್ಪು ಅಂತ ಕೂಡ ಹೇಳಲ್ಲ. ಎರಡು ವರ್ಷದ ಹಿಂದೆ ನಾನೂ ಇದೇ ತಪ್ಪು ಮಾಡಿದ್ದೆ. ಅವತ್ತೇ ಹೇಳೋಣ ಅಂತ..." ಎಂದು ಮತ್ತೆ ನಿಲ್ಲಿಸಿದರು. ಈ ಸಲ ಅವರಾಗಿಯೇ ನಿಲ್ಲಿಸಿದ್ದು, ಮರ್ಯಾದೆಗೆ.

ಒಂದು ಅಲ್ಪವಿರಾಮ! ಎರಡು ವರ್ಷದ ಹಿಂದೆ ಇನ್ನು ಏಳೆಂಟು ಪದ ಕೇಳಿದ್ದರೆ ಸಾಕಿತ್ತು.

ಭಾಮೈದ ಆಗಲೇ ಲ್ಯಾಪ್‌ಟಾಪಿಗೆ ಹಾರಿದ್ದ. ಮೂಲೆ ಕುರ್ಚಿಯವರು, "ಎಲ್ಲಾ ಅಲ್ಪವಿರಾಮ ಬದಲಾಯಿಸ್ಬೇಡಿ, ಬರೀ ಸಮಯ ಇರೋ..." ಎನ್ನುವಷ್ಟರಲ್ಲಿ "ಗೊತ್ತು ಗೊತ್ತು," ಎಂದು ಒಂದೇ ಏಟಿಗೆ ಕಡತದ ಎಲ್ಲ ಅಲ್ಪವಿರಾಮವನ್ನೂ ಚುಕ್ಕಿ ಮಾಡಿದ. ಇವನಿಗೆ ಈ ಚಾಳಿ ಯಾರಿಂದ ಬಂತೋ.

ಅಕ್ಷರ ಬಂತು. ಆದರೆ ನನ್ನ ಭಾಷಣ ಹೀಗಾಗಿತ್ತು: "ಗೆಳೆಯರೇ. ನಾನು ಇಂದು. ಗಂಟಲಿನ ಕಾರಣದಿಂದ. ಮಾತಾಡಲಾರೆ. ಆದರೆ. ವೆಬ್ ಕೂಡ. ಹೀಗೆಯೇ. ಮೊದಲು ಕಿರುಚುತ್ತಿತ್ತು. ಈಗ. ಕಾಯುತ್ತದೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯೊಬ್ಬರೇ ನಗಲಿಲ್ಲ. ಕೊನೆಯವರೆಗೂ ಬಿಡದೆ ಓದಿ, ಮಗಳ ಕಡೆ ತಿರುಗಿ, ಮತ್ತೆ ಕೋಣೆಗೆಲ್ಲ ಕೇಳುವಂತೆ, "ಇವತ್ತು ಎಷ್ಟು ಚೆನ್ನಾಗಿ ಹೇಳಿದ್ರು ನೋಡು. ನಿಲ್ಲಿಸಿ ನಿಲ್ಲಿಸಿ," ಎಂದರು.

ಆಮೇಲೆ ಸಭೆ ನನ್ನ ಕೈತಪ್ಪಿ ಹೋಯಿತು. ಮೂಲೆ ಕುರ್ಚಿಯವರು ಎದ್ದು ಬಂದು ತಮ್ಮ ಕಾರ್ಖಾನೆಯ ಪುಟ ತೋರಿಸಿದರು. ಯಂತ್ರಗಳ ಗದ್ದಲದಲ್ಲಿ ಅಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲವಂತೆ. ಕೆಲಸ ಕಲಿಯುವವರ ಎರಡೂ ಕೈ ಬಟ್ಟೆ ಹಿಡಿದಿರುತ್ತವೆ, ಕಣ್ಣು ಸೂಜಿಯ ಮೇಲಿರುತ್ತದೆ. ಅದಕ್ಕೆ ಒಂದು ಸಾಲಿಗೆ ನಾಲ್ಕೇ ಪದ, ಓದಿ ಮುಗಿಸಿ ಸೂಜಿ ನೋಡಿ ಬರುವಷ್ಟು ಹೊತ್ತು ಪರದೆಯ ಮೇಲೆ ನಿಲ್ಲುತ್ತದೆ. ಮೊದಲ ಸಲ ಇದನ್ನು ಹಾಕಿದ ವಾರ ಒಬ್ಬರ ಬೆರಳಿಗೂ ಸೂಜಿ ಚುಚ್ಚಲಿಲ್ಲವೆಂದು ಹೇಳುವಾಗ ಅವರ ಮುಖ ಕೆಂಪಾಗಿತ್ತು. ಇಪ್ಪತ್ತೈದು ನಿಮಿಷ ಮಾತಾಡಿದರು. ಅಷ್ಟು ಮಾತಾಡುತ್ತಾರೆಂದು ಯಾರಿಗೆ ಗೊತ್ತಿತ್ತು. ನನ್ನ ನೂರನೇ ಸಭೆಯ ಮುಖ್ಯ ಭಾಷಣ ಅವರದ್ದಾಗಿ ಹೋಯಿತು.

ನಾನು ಸ್ಲೇಟಿನಲ್ಲಿ ಮೂರು ಪ್ರಶ್ನೆ ಬರೆದು ಕೇಳಿದೆ. ಅಷ್ಟೇ ನನ್ನ ಪಾಲು.

ಮಾರ್ಚ್ 24, ಸೋಮವಾರ

ಕ್ಯಾಮೆರಾ ಮತ್ತೆ ಮೂಗಿನೊಳಗೆ. ಗಂಟು ಇಲ್ಲ. ಎರಡು ಕಡೆಯೂ ನುಣ್ಣಗೆ. ಹೆಂಡತಿ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟಳು, ಆಮೇಲೆ ಡಾಕ್ಟರಿಗೆ, "ಇನ್ನೊಂದು ವಾರ ಜಾಸ್ತಿ ಬರೆದ್ಬಿಡಿ ಪರವಾಗಿಲ್ಲ," ಎಂದಳು.

"ಏನಾದ್ರೂ ಹೇಳಿ ನೋಡೋಣ," ಎಂದರು ಡಾಕ್ಟರು. ಇಪ್ಪತ್ತೊಂದು ದಿನದಿಂದ ಕೂಡಿಟ್ಟದ್ದು ಎಷ್ಟೊಂದಿತ್ತು. ಬಾಯಿಗೆ ಬಂದದ್ದು ಒಂದೇ: "ನಿಮ್ಮ ವಿಡಿಯೊ ಅರ್ಧ ಸೆಕೆಂಡು ತಡವಾಗಿ ಓಡುತ್ತೆ." ದನಿ ನನ್ನದೇ. ಸ್ವಲ್ಪ ತುಕ್ಕು ಹಿಡಿದಿತ್ತು.

ಮಾರ್ಚ್ 25, ಮಂಗಳವಾರ

ಕ್ಷೌರದಂಗಡಿಗೆ ಹೋಗಿದ್ದೆ. ಮೀಸೆ ತೆಗೆಸಿದೆ. ಬಿಸಿಲು ಜಾಸ್ತಿಯಾಗಿದೆ, ಬೇರೇನಿಲ್ಲ. ಹೆಂಡತಿಗೂ ಹಾಗೆಯೇ ಹೇಳಿದೆ.

ಅತ್ತೆ ಕಿಟಕಿಯ ಬೆಳಕಿನಲ್ಲಿ ಕೂತಿದ್ದರು. ಎದುರು ಕುರ್ಚಿ ಎಳೆದುಕೊಂಡು, "ಚಹಾ ಮಾಡ್ಲಾ ಅತ್ತೆ?" ಎಂದೆ. ಸ್ಲೇಟಿಲ್ಲದೆ. ಅವರು ನನ್ನ ಬಾಯಿಯನ್ನೇ ನೋಡಿ, "ಸಕ್ಕರೆ ಕಡಿಮೆ ಹಾಕಿ," ಎಂದರು. ಚಹಾ ಲೋಟ ಕೈಗೆ ಬಂದ ಮೇಲೆ, "ಮೀಸೆ ಇದ್ದಾಗ್ಲೇ ಚೆನ್ನಾಗಿದ್ರಿ. ಆದ್ರೆ ಇರಲಿ ಬಿಡಿ," ಎಂದರು.

ಏಪ್ರಿಲ್ 26, ಶನಿವಾರ

ನೂರೊಂದನೇ ಸಭೆ. ಮಧ್ಯೆ ಒಂದು ತಿಂಗಳು ಡೈರಿ ಬರೆಯಲಿಲ್ಲ. ಮಾತು ಬಂದ ಮೇಲೆ ಇದರ ಅಗತ್ಯ ಕಾಣಲಿಲ್ಲ. ಇಂದು ಒಂದು ಸಂಗತಿ ತಲೆ ಕೆಡಿಸಿದ್ದರಿಂದ ಬರೆಯುತ್ತಿದ್ದೇನೆ.

ಭಾಮೈದನದ್ದು ಭಾಷಣ. ಕಡಿಮೆ ಜಾಗದಲ್ಲಿ ದೊಡ್ಡ ವಿಡಿಯೊ ಕೂರಿಸುವ ಹೊಸ ವಿಧಾನಗಳ ಬಗ್ಗೆ. ಚೆನ್ನಾಗಿಯೇ ಮಾಡಿದ, ಇಷ್ಟವಿಲ್ಲದಿದ್ದರೂ ಬರೆಯಬೇಕು. ಆಮೇಲೆ ಚರ್ಚೆ. ಹೊಸದಾಗಿ ಬಂದ ಒಬ್ಬರು ಹಿಂದಿನ ಸಾಲಿನಿಂದ ಏನೋ ಕೇಳಲು ಶುರುಮಾಡಿ ತಡವರಿಸಿದರು. ಅವರು ಹೇಳಹೊರಟದ್ದು ನನಗೆ ಮೊದಲೇ ಗೊತ್ತಿತ್ತು. ಪೂರ್ತಿ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಆದರೆ ಆ ಹೊತ್ತಿಗೆ ಸರಿಯಾಗಿ ನೀರು ಕುಡಿಯುತ್ತಿದ್ದೆ. ಅವರೇ ಮುಗಿಸಿದರು. ಅವರು ಹೇಳಿದ್ದು ನಾನಂದುಕೊಂಡದ್ದಕ್ಕಿಂತ ಬೇರೆಯೇ ಆಗಿತ್ತು.

ಕೊನೆಗೆ ಮೂಲೆ ಕುರ್ಚಿಯವರು ಒಂದು ವಿಷಯ ಎತ್ತಿ, ಅರ್ಧಕ್ಕೆ ನಿಲ್ಲಿಸಿ, ನನ್ನ ಕಡೆ ತಿರುಗಿ, "ಸರ್, ನೀವೇನಂತೀರಿ?" ಎಂದರು. ಈಗ ಅವರು ಮೂಲೆಯಲ್ಲಿ ಕೂರುವುದಿಲ್ಲ, ಎರಡನೇ ಸಾಲಿಗೆ ಬಂದಿದ್ದಾರೆ. ಹೆಸರು ಬದಲಾಯಿಸಬೇಕು. ಕೋಣೆಯೆಲ್ಲ ನನ್ನನ್ನೇ ನೋಡಿತು. ಕೆಲವರು ಕುರ್ಚಿಗೆ ಆರಾಮಾಗಿ ಒರಗಿಕೊಂಡರು, ಉದ್ದದ ಪ್ರಯಾಣಕ್ಕೆ ಕೂತವರ ಹಾಗೆ.

ನಾನು, "ಮುಂದೆ?" ಎಂದೆ.

ಪಕ್ಕದಲ್ಲಿದ್ದ ಅತ್ತೆ, ಈಗ ಪ್ರತಿ ಸಭೆಗೂ ಬರುತ್ತೇನೆನ್ನುತ್ತಾರೆ, ನನ್ನ ಮುಖದಿಂದ ಕಣ್ಣು ತೆಗೆದು ಎಲ್ಲರಿಗೂ ಕೇಳುವಂತೆ ಹೇಳಿದರು: "ಪೂರ್ತಿ ಕೇಳಿಸ್ತು."

ಮನೆಗೆ ಬಂದು ಲೆಕ್ಕ ಹಾಕಿದೆ. ಎರಡು ಗಂಟೆಯ ಸಭೆಯಲ್ಲಿ ನಾನು ಆಡಿದ್ದು ಅದೊಂದೇ ಪದ. ನೋವಿಲ್ಲ, ಉರಿಯಿಲ್ಲ, ದನಿಯೂ ನೆಟ್ಟಗಿದೆ. ಆದರೂ ಇದು ಒಳ್ಳೆಯ ಲಕ್ಷಣದ ಹಾಗೆ ಕಾಣುತ್ತಿಲ್ಲ. ಸೋಮವಾರ ಒಮ್ಮೆ ಗಂಟಲು ಡಾಕ್ಟರಿಗೆ ತೋರಿಸಿಕೊಂಡು ಬರಬೇಕು.